ಆಳದ ನಾಣ್ಯಕ್ಕೆ ಮೆಟಲ್ ಡಿಟೆಕ್ಟರ್ ಕೊಳ್ಳುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ನಮ್ಮ ಗಂಗಾವತಿ ಕಡೆ ಹುಡುಗರು ಮೆಟಲ್ ಡಿಟೆಕ್ಟರ್ ತರಿಸುವುದು ಜಾಸ್ತಿ ಆಗಿದೆ. ಮೊಬೈಲ್‌ನಲ್ಲಿ ವಿಡಿಯೊ ನೋಡುತ್ತಾರೆ, ನಾಲ್ಕು ಜನ ಸೇರಿ ದುಡ್ಡು ಹಾಕುತ್ತಾರೆ, ಪಾರ್ಸಲ್ ಬರುತ್ತದೆ. ಆಮೇಲೆ ರಾತ್ರಿ ಹೊತ್ತು ಟಾರ್ಚ್ ಹಿಡಿದು ಹಾಳೂರು ದಿಬ್ಬಗಳ ಮೇಲೆ ಓಡಾಡುತ್ತಾರೆ. ಬೇಕಾಗಿರುವುದು ಆಳದಲ್ಲಿ ಹೂತಿರುವ ಹಳೆಯ ನಾಣ್ಯ. ಏಳು ಕೊಪ್ಪರಿಗೆ ಹೊನ್ನು ಇಲ್ಲೇ ಇದೆ ಅಂತ ಹೇಳದ ಊರು ನಮ್ಮ ಭಾಗದಲ್ಲಿ ಯಾವುದಿದೆ ಹೇಳಿ?

ನಾನು ಇಲ್ಲಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ತಾಮ್ರದ ತಂತಿ ಸುತ್ತುವುದೇ ನನ್ನ ಕೆಲಸ. ಹಾಗಾಗಿ ಪಂಪ್‌ಸೆಟ್ ಮೋಟಾರಿನ ಜೊತೆಗೆ ಈಗ ಈ ಯಂತ್ರಗಳೂ ಅಂಗಡಿಗೆ ಬರುತ್ತಿವೆ. "ಕಾಕಾ, ಇದಕ್ಕ ಇನ್ನೂ ದೊಡ್ಡ ಕಾಯಿಲ್ ಸುತ್ತಿ ಕೊಡ್ರಿ, ಹತ್ತು ಫೂಟ್ ಕೆಳಗ ಹೋಗ್ಬೇಕು" ಅಂತ ಕೇಳುತ್ತಾರೆ. ನಾನು ಆಗೋದಿಲ್ಲ ಅಂದರೆ ಬೇರೆ ಕಡೆ ಹೋಗುತ್ತಾರೆ. ಅವರಿಗೆ ಅಂಗಡಿಯಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಲು ಆಗದ್ದನ್ನು ನಿಮ್ಮ ಪತ್ರಿಕೆಯಲ್ಲಿ ಪೂರ್ತಿ ಹೇಳಬೇಕು ಅನ್ನಿಸಿತು. ಪತ್ರ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಯಂತ್ರದ ವಿಷಯ. ಕೆಳಗಿನ ತಟ್ಟೆಯೊಳಗೆ ಸಾಮಾನ್ಯವಾಗಿ ಎರಡು ಕಾಯಿಲ್ ಇರುತ್ತವೆ. ಒಂದಕ್ಕೆ ಕರೆಂಟ್ ಕೊಟ್ಟಾಗ ಅದರ ಸುತ್ತ ಕಾಂತಕ್ಷೇತ್ರ ಏಳುತ್ತದೆ, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಅದು ನೆಲದೊಳಗಿನ ನಾಣ್ಯಕ್ಕೆ ತಾಗಿದರೆ ನಾಣ್ಯದೊಳಗೆ ಸುಳಿ ಸುಳಿಯಾಗಿ ಸಣ್ಣ ಕರೆಂಟ್ ಹುಟ್ಟುತ್ತದೆ. ನಮ್ಮ ಮೋಟಾರಿನ ಕೋರ್ ಬಿಸಿ ಆಗುವುದಕ್ಕೂ ಇದೇ ಒಂದು ಕಾರಣ, ಅದಕ್ಕೇ ಕೋರನ್ನು ಗಟ್ಟಿ ಕಬ್ಬಿಣದಲ್ಲಿ ಮಾಡದೆ ತೆಳು ತೆಳು ತಗಡಿನ ಸ್ಟ್ಯಾಂಪಿಂಗ್ ಜೋಡಿಸಿ ಮಾಡುತ್ತಾರೆ. ನಾಣ್ಯದೊಳಗಿನ ಆ ಕರೆಂಟು ತನ್ನದೇ ಒಂದು ಸಣ್ಣ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅದನ್ನು ಎರಡನೇ ಕಾಯಿಲ್ ಹಿಡಿಯುತ್ತದೆ, ಯಂತ್ರ ಕೂಗುತ್ತದೆ. ಇದರಲ್ಲಿ ಮಂತ್ರ ಏನೂ ಇಲ್ಲ.

ತೊಂದರೆ ಇರುವುದು ದೂರದಲ್ಲಿ. ಕಾಂತಕ್ಷೇತ್ರ ಕೆಳಗೆ ಹೋಗುವಾಗಲೂ ಸೊರಗುತ್ತದೆ, ನಾಣ್ಯದಿಂದ ಮೇಲೆ ಬರುವಾಗಲೂ ಸೊರಗುತ್ತದೆ. ತಟ್ಟೆಯ ಅಳತೆಗಿಂತ ಆಳ ಜಾಸ್ತಿ ಆದ ಮೇಲೆ, ಆಳ ಎರಡು ಪಟ್ಟಾದರೆ ಹೋಗುವಾಗ ಸುಮಾರು 8ರಲ್ಲಿ ಒಂದು ಪಾಲು, ಬರುವಾಗ ಮತ್ತೆ 8ರಲ್ಲಿ ಒಂದು ಪಾಲು. ಎರಡನ್ನೂ ಗುಣಿಸಿ. ಒಂದು ಅಡಿಯಲ್ಲಿ ಬರುತ್ತಿದ್ದ ಸಿಗ್ನಲ್ ಎರಡು ಅಡಿಯಲ್ಲಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ದೊಡ್ಡ ಬ್ಯಾಟರಿ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. 64 ಪಟ್ಟು ಶಕ್ತಿಯ ಸಿಗ್ನಲ್ ಕಳಿಸಿದರೂ ಸಿಗುವುದು ಇನ್ನೊಂದೇ ಅಡಿ, ಅಷ್ಟೊತ್ತಿಗೆ ನೆಲದ ಗದ್ದಲವೂ, ಅಂದರೆ ಮಣ್ಣೇ ಕೊಡುವ ಬೇಡದ ಸಿಗ್ನಲ್ಲೂ, ಅಷ್ಟೇ ಪಟ್ಟು ಏರಿರುತ್ತದೆ.

ಅಂದರೆ ಒಳ್ಳೆಯ ಯಂತ್ರ, ತಕರಾರಿಲ್ಲದ ಮಣ್ಣು, ಬೆಳ್ಳಿ ರೂಪಾಯಿಯಷ್ಟು ದೊಡ್ಡ ನಾಣ್ಯ, ಅದೂ ಅಡ್ಡ ಮಲಗಿರಬೇಕು. ಆಗ ಎಂಟು, ಹತ್ತು ಇಂಚು, ಎಲ್ಲಾ ಕೂಡಿ ಬಂದರೆ ಒಂದು ಅಡಿ. ನಾಣ್ಯ ಅಂಚಿನ ಮೇಲೆ ನಿಂತಿದ್ದರೆ ಇನ್ನೂ ಕಡಿಮೆ. ಇನ್ನು ನಮ್ಮ ಭಾಗದಲ್ಲಿ ಎಲ್ಲರೂ ಕನಸು ಕಾಣುವುದು ವಿಜಯನಗರದ ಚಿನ್ನದ ಮೇಲೆ ಅಲ್ವಾ? ಆ ಕಾಲದ ವರಹದ ತೂಕ ಸುಮಾರು 3.4 ಗ್ರಾಂ. ಹಣ ಅನ್ನುವ ಸಣ್ಣ ಚಿನ್ನದ ನಾಣ್ಯ ಅರ್ಧ ಗ್ರಾಂ ಕೂಡ ತೂಗುವುದಿಲ್ಲ, ತೊಗರಿ ಬೇಳೆಯಷ್ಟು ಇರುತ್ತದೆ. ಅಂಥದ್ದು ಮೂರು ನಾಲ್ಕು ಇಂಚು ಕೆಳಗಿದ್ದರೇ ಮಾಮೂಲಿ ಯಂತ್ರಕ್ಕೆ ಕೇಳಿಸುವುದು ಕಷ್ಟ. ಹತ್ತು ಅಡಿ ಕೆಳಗಿನ ನಾಣ್ಯ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಸುಳ್ಳು ಹೇಳುತ್ತಿದ್ದಾರೆ. ಇದನ್ನು ಗಟ್ಟಿಯಾಗಿಯೇ ಬರೆಯುತ್ತೇನೆ.

ದೊಡ್ಡ ಕಾಯಿಲ್ ವಿಷಯ. ತಟ್ಟೆ ದೊಡ್ಡದಾದರೆ ಸ್ವಲ್ಪ ಆಳ ಹೋಗುವುದು ನಿಜ. ಆದರೆ ಆಗ ಸಣ್ಣ ನಾಣ್ಯ ಅದಕ್ಕೆ ಕಾಣುವುದೇ ಇಲ್ಲ, ದೊಡ್ಡ ವಸ್ತು ಮಾತ್ರ ಕಾಣುತ್ತದೆ. ಕಂಬಿಯ ಎರಡು ತುದಿಗೆ ಎರಡು ಪೆಟ್ಟಿಗೆ ಕಟ್ಟಿದ ಯಂತ್ರಗಳು ಬರುತ್ತವೆ, ಅವು ಒಂದೆರಡು ಮೀಟರ್ ಕೆಳಗಿನ ಹಂಡೆಯಷ್ಟು ದೊಡ್ಡ ಲೋಹ ತೋರಿಸಬಲ್ಲವು, ಬಿಡಿ ನಾಣ್ಯವನ್ನು ತೋರಿಸುವುದೇ ಇಲ್ಲ. ಮತ್ತೆ ಕಾಯಿಲನ್ನು ನಾನು ಅಂಗಡಿಯಲ್ಲಿ ಸುತ್ತಿ ಕೊಡುವುದು ಯಾಕೆ ಆಗುವುದಿಲ್ಲ ಅಂದರೆ, ಎರಡೂ ಕಾಯಿಲ್ ಒಂದರ ಗದ್ದಲ ಇನ್ನೊಂದಕ್ಕೆ ಕೇಳಿಸದ ಹಾಗೆ ಕೂದಲೆಳೆಯಷ್ಟೂ ಆಚೀಚೆ ಆಗದೆ ಕೂಡಿಸಿರುತ್ತಾರೆ, ಯಂತ್ರದೊಳಗಿನ ಸರ್ಕ್ಯೂಟ್ ಅದೇ ಕಾಯಿಲಿಗೆ ಟ್ಯೂನ್ ಆಗಿರುತ್ತದೆ. ಕೈಗೆ ಬಂದಷ್ಟು ಸುತ್ತು ಹಾಕಿದರೆ ಯಂತ್ರ ಹಾಳು, ಅಷ್ಟೇ.

ನಮ್ಮ ಮಣ್ಣಿನ ಬಗ್ಗೆ ಆ ವಿಡಿಯೊಗಳಲ್ಲಿ ಯಾರೂ ಹೇಳುವುದಿಲ್ಲ. ಅವು ಹೆಚ್ಚಾಗಿ ಬೇರೆ ದೇಶದ ಮೆತ್ತನೆಯ ಹೊಲಗಳಲ್ಲಿ ತೆಗೆದವು. ಬಳ್ಳಾರಿ, ಸಂಡೂರು ಕಡೆ ಕಬ್ಬಿಣದ ಅಂಶ ತುಂಬಿದ ಕೆಂಪು ಮಣ್ಣು, ಅಲ್ಲಿ ನೆಲವೇ ಯಂತ್ರಕ್ಕೆ ಉತ್ತರ ಕೊಡುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮಾಡಬಹುದು, ಅಂದರೆ ನೆಲದ ಉತ್ತರವನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಹೊಂದಿಸಬಹುದು, ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ಜಾತಿಯ ಯಂತ್ರ ಇಂಥ ನೆಲದಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಅದಕ್ಕೆ ಕಬ್ಬಿಣ ಯಾವುದು, ಬಂಗಾರ ಯಾವುದು ಅಂತ ಸರಿಯಾಗಿ ಬೇರ್ಪಡಿಸಲು ಬರುವುದಿಲ್ಲ. ಈ ಕಡೆ ಗಂಗಾವತಿ, ಸಿಂಧನೂರು, ಕಾಲುವೆ ನೀರಿನ ಭೂಮಿ. ಎರೆ ಮಣ್ಣು, ಎಷ್ಟೋ ಕಡೆ ಸವಳು ಬಿದ್ದಿದೆ. ಒದ್ದೆ ಸವಳು ಮಣ್ಣಿನಲ್ಲಿ ಕರೆಂಟ್ ಹರಿಯುತ್ತದೆ, ಹಾಗಾಗಿ ಅದೂ ಸಿಗ್ನಲ್ ಕೊಡುತ್ತದೆ. ನೆಲದೊಳಗೆ ನೋಡುವ ರಾಡಾರ್ ಬಾಡಿಗೆಗೆ ಸಿಗುತ್ತದಂತೆ ಅಂತ ಒಬ್ಬರು ಕೇಳಿದರು. ಒದ್ದೆ ಜೇಡಿ ಮಣ್ಣು ರಾಡಾರ್ ಅಲೆಯನ್ನು ಬೇಗ ನುಂಗಿಬಿಡುತ್ತದೆ. ಅದು ತೋರಿಸುವುದೂ ಪದರ, ಗೋಡೆ, ಪೊಳ್ಳು ಇಂಥದ್ದನ್ನು. ಸ್ಕ್ರೀನ್ ಮೇಲೆ ಹಳದಿ ಬಣ್ಣ ಬಂದರೆ ಬಂಗಾರ ಅಂತ ಅರ್ಥ ಅಲ್ಲ.

ಆಮೇಲೆ ಹೊಲದ ಮೇಲಿನ ಕಸ. ಎತ್ತಿನ ಲಾಳ, ಲಾಳದ ಮೊಳೆ, ಬಂಡಿ ಗಾಲಿಯ ಹಳಿ ಚೂರು, ಮುರಿದ ಕುಳ, ಟ್ರ್ಯಾಕ್ಟರ್ ನಟ್ಟು ಬೋಲ್ಟು, ಬಾಟಲಿ ಮುಚ್ಚಳ, ಮಾತ್ರೆ ಚೀಟಿಯ ಅಲ್ಯೂಮಿನಿಯಂ ಹಾಳೆ. ಸಣ್ಣ ಚಿನ್ನದ ನಾಣ್ಯಕ್ಕೂ ಈ ಅಲ್ಯೂಮಿನಿಯಂ ಹಾಳೆಗೂ ಯಾವ ಲೋಹ ಅಂತ ಸೂಚಿಸಲು ಯಂತ್ರದಲ್ಲಿ ಬರುವ ನಂಬರ್ ಹೆಚ್ಚು ಕಡಿಮೆ ಒಂದೇ. ಕಸ ಬೇಡ ಅಂತ ಆ ನಂಬರ್ ಮುಚ್ಚಿದರೆ ಬಂಗಾರವೂ ಮುಚ್ಚಿಹೋಗುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪಿಸ್ತೂಲಿನ ಹಿಡಿಗೆ ಆಂಟೆನಾ ಸಿಕ್ಕಿಸಿದ ಹಾಗಿರುವ ಯಂತ್ರ. ಒಂದು ಕಿಲೋಮೀಟರ್ ದೂರದ ಬಂಗಾರದ ಕಡೆ ತಾನೇ ತಿರುಗುತ್ತದೆ ಅಂತ ಲಕ್ಷಗಟ್ಟಲೆಗೆ ಮಾರುತ್ತಾರೆ. ಅದು ತಿರುಗುವುದು ಹಿಡಿದವನ ಕೈ ಅಲುಗಾಟಕ್ಕೆ. ಇದೇ ಥರದ ವಸ್ತುವನ್ನು ಇಂಗ್ಲೆಂಡಿನ ಜೇಮ್ಸ್ ಮೆಕಾರ್ಮಿಕ್ ಎಂಬಾತ ಎಡಿಇ 651 ಎಂಬ ಹೆಸರಿನಲ್ಲಿ ಬಾಂಬ್ ಪತ್ತೆ ಯಂತ್ರ ಅಂತ ಇರಾಕ್ ಸರ್ಕಾರಕ್ಕೇ ಮಾರಿದ್ದ. ಒಳಗೆ ಕೆಲಸ ಮಾಡುವಂಥದ್ದು ಏನೂ ಇರಲಿಲ್ಲ. 2013ರಲ್ಲಿ ಅವನಿಗೆ ಹತ್ತು ವರ್ಷ ಜೈಲು ಆಯಿತು. ಒಂದು ದೇಶದ ಸೈನ್ಯ, ಪೊಲೀಸರೇ ಅದನ್ನು ನಂಬಿ ಚೆಕ್‌ಪೋಸ್ಟ್‌ಗಳಲ್ಲಿ ಹಿಡಿದು ನಿಂತಿದ್ದರು ಅಂದ ಮೇಲೆ ನಮ್ಮ ರೈತರು ಮೋಸ ಹೋಗುವುದರಲ್ಲಿ ಆಶ್ಚರ್ಯ ಇಲ್ಲ. ಅಕ್ಕಿ ಎಳೆಯುವ ಚೊಂಬು ಅಂತ ಹೇಳಿ ದುಡ್ಡು ಕೀಳುವವರು, ಪಾಯ ತೋಡುವಾಗ ಸಿಕ್ಕ ಬಂಗಾರದ ಬಿಲ್ಲೆ ಅಂತ ಹಿತ್ತಾಳೆ ಕೊಡುವವರು, ಇವರೆಲ್ಲ ಒಂದೇ ಗುಂಪು.

ಇಷ್ಟೇ ಆಗಿದ್ದರೆ ದುಡ್ಡು ಹೋಯಿತು ಅಂತ ಸುಮ್ನೆ ಇರಬಹುದಿತ್ತು. ನನಗೆ ನಿಜಕ್ಕೂ ನೋವಾಗುವುದು ಅಗೆಯುವ ವಿಷಯದಲ್ಲಿ.

ಹೊಲದ ಮೇಲ್ಮಣ್ಣಿನಲ್ಲಿ ಸಿಗುವ ನಾಣ್ಯ ಎಲ್ಲಿಂದ ಬಂತು ಅಂತ ಹೇಳುವುದು ಕಷ್ಟ. ನೇಗಿಲು, ರೆಂಟೆ ಅದನ್ನು ಎಷ್ಟೋ ಸಲ ತಿರುವಿ ಹಾಕಿರುತ್ತದೆ. ಹಾಳೂರು ದಿಬ್ಬದ ಬೂದಿ ಮಣ್ಣನ್ನು ಗೊಬ್ಬರ ಅಂತ ಬಂಡಿ ಬಂಡಿ ಹೊಲಕ್ಕೆ ಹೇರುವುದೂ ನಮ್ಮಲ್ಲಿ ರೂಢಿ, ಅದರ ಜೊತೆ ಬಂದಿದ್ದೂ ಇರಬಹುದು. ಆದರೆ ನೇಗಿಲು ಮುಟ್ಟದ ಆಳದಲ್ಲಿರುವ ನಾಣ್ಯ ಬಿದ್ದ ಜಾಗದಲ್ಲೇ ಉಳಿದಿರುತ್ತದೆ. ಅದರ ಪಕ್ಕದ ಮಡಕೆ ಚೂರು, ಕೆಳಗಿನ ಒಲೆ, ಮೇಲಿನ ಬಿದ್ದ ಗೋಡೆ, ಎಲ್ಲಾ ಹಾಗೇ ಇರುತ್ತದೆ. ಆ ನಾಣ್ಯದ ಮೇಲೆ ಯಾವ ರಾಜನ ಗುರುತು ಇದೆಯೋ, ಆ ಪದರ ಅವನಿಗಿಂತ ಹಿಂದಿನದು ಆಗಲು ಸಾಧ್ಯವೇ ಇಲ್ಲ. ಒಂದು ಪುಟ್ಟ ತಾಮ್ರದ ಬಿಲ್ಲೆ ಇಡೀ ಊರಿನ ವಯಸ್ಸು ಹೇಳುತ್ತದೆ. ಪಕ್ಕದ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳು, ರೋಮಿನ ಟೈಬೀರಿಯಸ್ ದೊರೆಯ ಬೆಳ್ಳಿ ನಾಣ್ಯ ಸಿಕ್ಕಿದ್ದರಿಂದಲೇ ಅಲ್ಲಿಯವರು ಎರಡು ಸಾವಿರ ವರ್ಷದ ಹಿಂದೆ ಯಾರ ಜೊತೆ ವ್ಯಾಪಾರದ ನಂಟು ಇಟ್ಟುಕೊಂಡಿದ್ದರು ಅಂತ ಇವತ್ತು ಮಾತಾಡಲು ಆಗುತ್ತಿದೆ. ಸಲಿಕೆ ಹಾಕಿ ನಾಣ್ಯ ಒಂದನ್ನೇ ಕಿತ್ತು ಜೇಬಿಗೆ ಹಾಕಿದರೆ ಆ ಪದರ ಮತ್ತೆ ಕೂಡುವುದಿಲ್ಲ. ಅಂದರೆ ಈ ಹುಡುಗರು ಆಸೆ ಪಡುವ ಆಳದ ನಾಣ್ಯವೇ ಯಾರೂ ಸುಮ್ಮನೆ ಕೀಳಬಾರದ ನಾಣ್ಯ. ನನ್ನ ಪತ್ರದಲ್ಲಿ ಇದೊಂದು ಮಾತು ಓದುಗರ ಮನಸ್ಸಿಗೆ ಹೋದರೂ ಸಾಕು.

ಕಿತ್ತವರು ಅದನ್ನು ಹುಣಸೆಹಣ್ಣು ಹಚ್ಚಿ, ಬ್ರಷ್ ಹಾಕಿ ಉಜ್ಜುತ್ತಾರೆ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಆಮೇಲೆ ತಾಮ್ರದ ನಾಣ್ಯ ಅಂತ ಗೊತ್ತಾಗಿ ಗುಜರಿಗೆ ತೂಕಕ್ಕೆ ಹಾಕುತ್ತಾರೆ.

ಆನೆಗೊಂದಿಯಲ್ಲಿ ಏನಾಯಿತು ಅಂತ ನಮಗೆಲ್ಲ ಗೊತ್ತು. 2019ರ ಜುಲೈನಲ್ಲಿ ನವವೃಂದಾವನ ಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಗಳ್ಳರು ಒಡೆದು ಹಾಕಿದರು. ಕೃಷ್ಣದೇವರಾಯನಿಗೆ ಗುರುವಾಗಿದ್ದವರು, 1539ರಲ್ಲಿ ತೀರಿಕೊಂಡವರು. ಎಲ್ಲವನ್ನೂ ಬಿಟ್ಟ ಸನ್ಯಾಸಿಯ ಸಮಾಧಿಯ ಕೆಳಗೆ ಬಂಗಾರ ಯಾಕಿರುತ್ತದೆ ಅಂತ ಒಂದು ಸಲವಾದರೂ ಯೋಚನೆ ಮಾಡಬಾರದಿತ್ತೇ? ಭಕ್ತರು ಸೇರಿ ಬೇಗ ಮತ್ತೆ ಕಟ್ಟಿದರು, ಆ ಕಲ್ಲುಗಳು ಮತ್ತೆ ನಿಂತವು. ಎಲ್ಲಾ ಕಡೆಯೂ ಹಾಗೆ ಕಟ್ಟುವವರು ಸಿಗುವುದಿಲ್ಲ.

ಹಿರೇಬೆಣಕಲ್ ಬೆಟ್ಟದ ಕಲ್ಮನೆಗಳನ್ನೇ ತೆಗೆದುಕೊಳ್ಳಿ. ನಾವು ಮೋರ್ಯರ ಗುಡ್ಡ ಅನ್ನುತ್ತೇವೆ. ನೂರಾರು ಶಿಲಾ ಸಮಾಧಿಗಳು, 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ. ಆ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ್ದು ಕಬ್ಬಿಣ ಯುಗದ ಜನ. ಅವರಲ್ಲಿ ನಾಣ್ಯದ ಚಲಾವಣೆಯೇ ಇರಲಿಲ್ಲ. ಬಳ್ಳಾರಿ ಹತ್ತಿರದ ಕುಡತಿನಿಯ ಬೂದಿ ದಿಬ್ಬ ಇನ್ನೂ ಹಳೆಯದು, ಹೊಸ ಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟು ಸುಟ್ಟು ಆದ ರಾಶಿ. ಅಂಥ ಕಡೆ ಹಣದ ಕೊಡ ಹುಡುಕುವುದು ಅಂದರೆ ಇರುವುದನ್ನು ಹಾಳು ಮಾಡಿ ಇಲ್ಲದ್ದನ್ನು ಹುಡುಕಿದ ಹಾಗೆ.

ಬಂಗಾರ ಹುಡುಕುವವರ ಕಣ್ಣಿಗೆ ಬಂಗಾರಕ್ಕಿಂತ ದೊಡ್ಡದು ಬಿದ್ದಿದ್ದೂ ನಮ್ಮ ನೆಲದಲ್ಲೇ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಒಂದು ಬಂಡೆಯ ಮೇಲಿನ ಬರಹ ನೋಡಿದರು. ಅಲ್ಲಿಯವರೆಗೆ ಸಿಕ್ಕ ಅಂಥ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ರಾಜನ ಬಿರುದು ಮಾತ್ರ ಇತ್ತು. ಮಸ್ಕಿಯ ಬಂಡೆ ಮೇಲೆ ಅಶೋಕ ಅಂತ ಹೆಸರೇ ಇತ್ತು. ಆ ಶಾಸನಗಳೆಲ್ಲ ಅಶೋಕನವೇ ಅಂತ ಗಟ್ಟಿಯಾಗಿದ್ದು ಅದರಿಂದ. ಬೀಡನ್ ಆ ಬಂಡೆಯನ್ನು ಒಡೆಯಲಿಲ್ಲ, ತಿಳಿದವರಿಗೆ ಸುದ್ದಿ ಮುಟ್ಟಿತು. 1954ರಲ್ಲಿ ಪುರಾತತ್ವ ಇಲಾಖೆಯ ಬಿ.ಕೆ. ಥಾಪರ್ ಅದೇ ಮಸ್ಕಿಯಲ್ಲಿ ಉತ್ಖನನ ಮಾಡಿ ಪದರ ಪದರವಾಗಿ ಬಿಡಿಸಿದರು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲೂ ಅಶೋಕನ ಶಾಸನಗಳಿವೆ. ಇಂಥ ಜಿಲ್ಲೆಗಳಲ್ಲಿ ಹುಟ್ಟಿದ ಮಕ್ಕಳು ರಾತ್ರಿ ಕಳ್ಳರ ಥರ ಗುಂಡಿ ತೋಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾನೂನು ಏನು ಹೇಳುತ್ತದೆ ಅನ್ನುವುದು ನನ್ನ ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 1962ರ ಟ್ರೆಷರ್ ಟ್ರೋವ್ ಕಾಯ್ದೆ ಇದೆ. ಹಳೆಯ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಬೆಲೆ ಬಾಳುವ ನಿಧಿ ಸಿಕ್ಕರೆ ಜಿಲ್ಲೆಯ ಕಲೆಕ್ಟರ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಪಾಲೂ ಹೋಗುತ್ತದೆ ಅಂತ ಇದೆ. ಅದೇ ಕಾಯ್ದೆಯಲ್ಲಿ ಮಾಲೀಕರಿಲ್ಲದ ನಿಧಿ ಅಂತ ತೀರ್ಮಾನ ಆದಾಗ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಿಕ್ಕವನಿಗೆ ಮುಕ್ಕಾಲು, ಜಾಗದವನಿಗೆ ಕಾಲು ಪಾಲು ಅನ್ನುವ ಮಾತೂ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಕೆಳಗೆ ಬರುತ್ತದೆ, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವ ಹಾಗಿಲ್ಲ, ದೇಶದ ಹೊರಗೆ ಕಳಿಸುವ ಹಾಗಿಲ್ಲ. ಕೇಂದ್ರದ ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಿಧಿಗೋಸ್ಕರ ವಾಮಾಚಾರ ಮಾಡಿ ಜನರಿಗೆ ಹಿಂಸೆ ಕೊಡುವವರಿಗೆ 2017ರ ಮೌಢ್ಯ ನಿಷೇಧ ಕಾಯ್ದೆ ಬೇರೆ ಇದೆ.

ಆದರೆ ಜನ ಹೇಳದೆ ಮುಚ್ಚಿಡುವುದಕ್ಕೆ ಆಸೆ ಒಂದೇ ಕಾರಣ ಅಲ್ಲ, ಹೆದರಿಕೆಯೂ ಕಾರಣ. ನನಗೆ ಪರಿಚಯದ ರೈತರೊಬ್ಬರಿಗೆ ಕೃಷಿ ಹೊಂಡ ತೋಡಿಸುವಾಗ ಮಡಕೆಯಲ್ಲಿ ಹಸಿರುಗಟ್ಟಿದ ನಾಣ್ಯಗಳು ಸಿಕ್ಕವು. ಹೇಳಿದರೆ ಹೊಲ ಹೋಗುತ್ತದೆ, ಇನ್ನೂ ಬಂಗಾರ ಎಲ್ಲಿ ಇಟ್ಟಿದ್ದೀಯ ಅಂತ ಠಾಣೆಗೆ ಕರೆಸುತ್ತಾರೆ ಅಂತ ಹೆದರಿ ಅವರು ಯಾರಿಗೂ ತೋರಿಸಲಿಲ್ಲ. ಆ ನಾಣ್ಯ ಈಗ ಇಲ್ಲ. ಯಾವ ಕಾಲದ್ದು ಅಂತಲೂ ಇನ್ನು ಗೊತ್ತಾಗುವುದಿಲ್ಲ. ಪಾಪ, ಅವರನ್ನು ಬೈದು ಏನು ಉಪಯೋಗ?

ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದು ಹುಡುಕುವ ಹವ್ಯಾಸದವರು ತುಂಬಾ ಜನ. ಅಲ್ಲಿ ಹೊಲದ ಮಾಲೀಕರ ಒಪ್ಪಿಗೆ ಬೇಕು, ರಕ್ಷಿತ ಜಾಗದಲ್ಲಿ ಅನುಮತಿ ಇಲ್ಲದೆ ಡಿಟೆಕ್ಟರ್ ಹಿಡಿಯುವ ಹಾಗಿಲ್ಲ, ನಿಧಿ ಅನ್ನಿಸುವ ವಸ್ತು ಸಿಕ್ಕರೆ 14 ದಿನದಲ್ಲಿ ತಿಳಿಸಬೇಕು. ಸಿಕ್ಕಿದ್ದನ್ನು ನೋಡಿ, ಫೋಟೊ ತೆಗೆದು, ಜಾಗ ಬರೆದುಕೊಳ್ಳಲು ಜಿಲ್ಲೆ ಜಿಲ್ಲೆಗೆ ಅಧಿಕಾರಿಗಳಿದ್ದಾರೆ. 1997ರಿಂದ ಈವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ವಸ್ತುಗಳು ಅವರ ದಾಖಲೆಗೆ ಬಂದಿವೆ. ನಮ್ಮಲ್ಲೂ ಎಲ್ಲರಿಗೂ ಅಗೆಯಲು ಬಿಡಿ ಅಂತ ನಾನು ಕೇಳುತ್ತಿಲ್ಲ, ನಮ್ಮ ನೆಲದಲ್ಲಿ ಅದು ಬೇಡವೇ ಬೇಡ. ಬರೆದುಕೊಳ್ಳುವ ಆ ಪದ್ಧತಿಯಾದರೂ ಬರಲಿ.

ಕೊಪ್ಪಳ, ರಾಯಚೂರು, ಬಳ್ಳಾರಿಯ ಜಿಲ್ಲಾಧಿಕಾರಿಗಳಲ್ಲಿ ನನ್ನ ವಿನಂತಿ. ನಾಣ್ಯವೋ ಶಾಸನವೋ ಸಿಕ್ಕರೆ ಯಾರಿಗೆ ಫೋನ್ ಮಾಡಬೇಕು, ಸಿಕ್ಕವರಿಗೆ ಏನು ಪಾಲು, ಹೊಲ ಹೋಗುತ್ತದೋ ಇಲ್ಲವೋ, ಇಷ್ಟನ್ನು ಸರಳ ಕನ್ನಡದಲ್ಲಿ ಬರೆಸಿ ಪ್ರತಿ ಗ್ರಾಮ ಪಂಚಾಯಿತಿ ಗೋಡೆಗೆ ಹಾಕಿಸಿ. ತಂದು ಕೊಟ್ಟವರಿಗೆ ಅಲ್ಲೇ, ಆಗಲೇ, ಫೋಟೊ ಸಮೇತ ರಸೀದಿ ಕೊಡಿಸಿ. ಮ್ಯೂಸಿಯಂನಲ್ಲಿ ಇಟ್ಟಾಗ ಊರಿನ ಹೆಸರು, ಅವರು ಒಪ್ಪಿದರೆ ಕೊಟ್ಟವರ ಹೆಸರು ಬರೆಸಿ. ನಮ್ಮ ಜನ ದುಡ್ಡಿಗಿಂತ ಅದಕ್ಕೆ ಜಾಸ್ತಿ ಖುಷಿ ಪಡುತ್ತಾರೆ, ನೋಡಿ ಬೇಕಾದರೆ. ಮತ್ತೆ ಬಂಗಾರ ತೋರಿಸುವ ಆಂಟೆನಾ ಯಂತ್ರ ಮಾರುವವರ ಮೇಲೆ ಪೊಲೀಸರು ಮೋಸದ ಕೇಸ್ ಹಾಕಬೇಕು.

ಯಂತ್ರ ಈಗಾಗಲೇ ಕೊಂಡುಬಿಟ್ಟವರು ಅದನ್ನು ಎಸೆಯಬೇಕಿಲ್ಲ. ಮಣ್ಣಲ್ಲಿ ಮುಚ್ಚಿಹೋದ ಪೈಪ್‌ಲೈನ್ ವಾಲ್ವ್ ಹುಡುಕಲು, ಕಳಚಿ ಬಿದ್ದ ಕಲ್ಟಿವೇಟರ್ ಮೊನೆ ಹುಡುಕಲು ಅದು ಚೆನ್ನಾಗಿ ಆಗುತ್ತದೆ. ಹೋದ ವರ್ಷ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ನಾಟಿ ಮಾಡುವಾಗ ತಾಳಿಯ ಗುಂಡು ಗದ್ದೆಯಲ್ಲಿ ಕಳೆದುಕೊಂಡಿದ್ದಳು. ಅಂಗಡಿಗೆ ರಿಪೇರಿಗೆ ಬಂದಿದ್ದ ಯಂತ್ರದ ಹುಡುಗನನ್ನೇ ಕರೆದುಕೊಂಡು ಹೋದೆವು. ನಾಲ್ಕು ಬೆರಳು ಆಳದಲ್ಲಿತ್ತು, ಸಿಕ್ಕಿತು. ಯಾರಿಗಾದರೂ ಹಾಗೆ ಏನಾದರೂ ಕಳೆದುಹೋಗಿದ್ದರೆ ಆ ಹುಡುಗ, ಅವನ ಜೊತೆಯವರು ಈಗಲೂ ಬರಲು ತಯಾರಿದ್ದಾರೆ, ಹಾಳೂರಿಗೆ ಹೋಗುವುದನ್ನು ಬಿಟ್ಟಿದ್ದಾರೆ.

ಇಂತಿ,
ಮೋಟಾರ್ ರೀವೈಂಡಿಂಗ್ ಅಂಗಡಿಯವನು, ಗಂಗಾವತಿ